ಮೊಮ್ಮಗಳ ಗಾಡಿಗೆ ಆರು ವೋಲ್ಟು

ಆ ಗಾಡಿಗೆ ಎರಡು ತರಹದ ಊಟ ಬೇಕೆಂಬುದೇ ನನಗೆ ಮೊದಲು ಗೊತ್ತಿರಲಿಲ್ಲ. ಒಂದು ಮೊಳ ಉದ್ದದ ಕೆಂಪು ಗಾಡಿ ಅದು. ಮೊಮ್ಮಗಳಿಗೆ ಅವಳ ಸೋದರಮಾವ ತಾನು ಆಡಿ ಬಿಟ್ಟದ್ದನ್ನು ಕೊಟ್ಟದ್ದು. ಒಳಗೆ ಬೆಂಕಿಪೆಟ್ಟಿಗೆಯಷ್ಟು ಎಂಜಿನ್ನು. ಅದಕ್ಕೆ ಬಾಟಲಿಯಿಂದ ಒಂದು ಘಾಟು ವಾಸನೆಯ ಎಣ್ಣೆ ಹಾಕಬೇಕು. ಗಾಡಿ ಓಡುವುದು ಆ ಎಣ್ಣೆಯ ಮೇಲೆ. ಆದರೆ ಹುಡುಗಿ ಕೈಯಲ್ಲಿ ರಿಮೋಟು ಹಿಡಿದು ಎಡಕ್ಕೆ ಹೋಗು, ಬಲಕ್ಕೆ ಹೋಗು ಎಂದು ಹೇಳಿದರೆ ಅದನ್ನು ಕೇಳಲು ಗಾಡಿಯೊಳಗೆ ಒಂದು ಕಿವಿ ಇದೆ, ಅದರ ಹೆಸರು ರಿಸೀವರ್. ಕೇಳಿದ್ದನ್ನು ಮಾಡಲು ಒಂದು ಕೈ ಇದೆ, ಅದು ಸರ್ವೋ ಅನ್ನುವ ಪುಟ್ಟ ಮೋಟರು. ಈ ಕಿವಿಗೂ ಕೈಗೂ ಎಣ್ಣೆ ಬೇಡ, ಬ್ಯಾಟರಿ ಬೇಕು. ಬ್ಯಾಟರಿ ಸತ್ತರೆ ಗಾಡಿ ನಿಲ್ಲುವುದಿಲ್ಲ ನೋಡಿ. ಕಿವುಡಾಗಿ, ಕೈ ಸೋತು, ಹೋಗುತ್ತಿದ್ದ ದಿಕ್ಕಿಗೇ ಓಡುತ್ತಲೇ ಇರುತ್ತದೆ.

ಇದು ನಮಗೆ ತಿಳಿದದ್ದು ಕೊರೋಚಿಯಲ್ಲಿ, ಹಪ್ಪಳದ ಮೇಲೆ.

ನಾವಿರುವುದು ಮರಾಠಿ ಸೀಮೆಯ ಇಚಲಕರಂಜಿಯಲ್ಲಿ. ಮನೆಗೆ ಹೊಂದಿಕೊಂಡು ಎಂಟು ಕರೆಂಟು ಮಗ್ಗದ ಶೆಡ್ಡು. ಅದನ್ನು ಈಗ ಮಗ ನಡೆಸುತ್ತಾನೆ, ನಾನು ಇವತ್ತಿಗೂ ಕಾಂಡಿ ಸುತ್ತುತ್ತೇನೆ. ಲಾಳಿಯ ಹೊಟ್ಟೆಯಲ್ಲಿ ಕೂರುವ ನೂಲಿನ ಸುರುಳಿಗೆ ನಾವು ಕಾಂಡಿ ಅನ್ನುತ್ತೇವೆ. ನಮ್ಮ ಓಣಿಯಲ್ಲಿ ಗಾಡಿ ಓಡಿಸಲು ಜಾಗವಿಲ್ಲವೆಂದು ಮೊಮ್ಮಗಳು ಅಪ್ಪನನ್ನೂ ನನ್ನನ್ನೂ ಎಳೆದುಕೊಂಡು ಪಕ್ಕದೂರು ಕೊರೋಚಿಯ ಬಯಲಿಗೆ ಹೋದಳು. ಹನ್ನೆರಡು ವರ್ಷದ ಹುಡುಗಿ, ಏಳನೆಯ ಇಯತ್ತೆ. ಗಾಡಿ ಮೂರು ಸುತ್ತು ಚೆಂದ ಹಾಕಿತು. ನಾಲ್ಕನೆಯ ಸುತ್ತಿಗೆ ಒಂದು ಗುಂಡಿ ಹಾರಿ ಬಿದ್ದದ್ದೇ ತಡ, ಹುಡುಗಿ ಎಷ್ಟು ತಿರುವಿದರೂ ತಿರುಗದೆ ನೆಟ್ಟಗೆ ಹೊರಟಿತು. ಬಯಲಿನ ತುದಿಗೆ ಒಬ್ಬಾಕೆ ನಾಲ್ಕು ಸೀರೆ ಹಾಸಿ ಹಪ್ಪಳ ಒಣಗಿಸುತ್ತಿದ್ದಳು. ಗಾಡಿ ಮೊದಲನೆಯ ಸೀರೆಯಿಂದ ಹೊಕ್ಕು ನಾಲ್ಕನೆಯ ಸೀರೆಯಲ್ಲಿ ಸುತ್ತಿಕೊಂಡು ಮಲಗಿತು.

ಆಕೆ ಕೋಲು ಹಿಡಿದೇ ಬಂದಳು. "ಯಾರದ್ರಿ ಈ ದೆವ್ವ? ಮುಂಜಾನಿಂದ ಲಟ್ಟಿಸೇನಿ ನಾನು!"

ನಾನು ಅವಳ ಮುಂದೆ ಕೂತು ಮುರಿಯದೆ ಉಳಿದ ಹಪ್ಪಳ ಆರಿಸಿದೆ. ಹಿಟ್ಟು ಉಳಿದಿದೆಯೇ ಎಂದು ಕೇಳಿದೆ. ಇತ್ತು. ಸಂಜೆಯ ತನಕ ಅವಳ ಜೊತೆ ಕೂತು ಲಟ್ಟಿಸಿಕೊಟ್ಟು ಬಂದೆ. ಏಳುವಾಗ ಆಕೆ, "ಮುಂದಿನ ವಾರ ಶಾವಿಗಿ ಮಾಡಾಕತ್ತೇನಿ ಅಕ್ಕಾ, ಗಾಡಿ ಬಿಟ್ಟು ನೀವಷ್ಟ ಬರ್ರಿ" ಎಂದಳು.

ಆದರೆ ಮಗನ ಸಿಟ್ಟು ಹಿಟ್ಟಿನಿಂದ ಇಳಿಯುವಂಥದ್ದಲ್ಲ. ಗಾಡಿಯ ಮೇಲಿನ ಹೊದಿಕೆ ಬಿಚ್ಚಿ ನೋಡಿದ. ಪ್ಲಾಸ್ಟಿಕ್ಕಿನ ಗೂಡಿನಲ್ಲಿ ನಾಲ್ಕು ಪೆನ್ಸಿಲ್ ಸೆಲ್ಲು, ಒಂದು ಎದ್ದು ಹೊರಗೆ ಬಿದ್ದಿತ್ತು.

"ಹಪ್ಪಳ ಇತ್ತಂತ ಬದುಕಿದ್ವಿ. ಕೂಸು ಆಡಾಕತ್ತಿದ್ದರ ಏನ ಗತಿ? ಇನ್ನೊಂದ ಸಲ ಈ ಗಾಡಿ ಕೈ ಮೀರಿ ಓಡಿತಂದ್ರ ಸೀದಾ ಮಾಳಗಿ ಮ್ಯಾಲೆ. ಮತ್ತ ಇಳಸೂದಿಲ್ಲ."

ನಮ್ಮ ಮಾಳಿಗೆ ಎಂದರೆ ಶೆಡ್ಡಿನ ಮೇಲಿನ ಅಟ್ಟ. ಮುರಿದ ಲಾಳಿ, ತುಕ್ಕು ಹಿಡಿದ ಗಾಲಿ ಎಲ್ಲ ಅಲ್ಲಿಗೆ ಹೋಗುತ್ತವೆ. ಅಲ್ಲಿಂದ ಯಾವುದೂ ಇಳಿದು ಬಂದದ್ದನ್ನು ನಾನು ನೋಡಿಲ್ಲ. ಹುಡುಗಿಯ ಮುಖ ಸಣ್ಣದಾಯಿತು. ಗಡಹಿಂಗ್ಲಜದಲ್ಲಿ ಇನ್ನು ಮೂರು ವಾರಕ್ಕೆ ಇಂಥ ಗಾಡಿಗಳ ಪಂದ್ಯ ಇತ್ತು. ಅವಳು ಆಗಲೇ ಹೆಸರು ಕೊಟ್ಟಿದ್ದಳು.

"ಅಪ್ಪಾ, ತಪ್ಪು ಗಾಡೀದಲ್ಲ, ಬ್ಯಾಟರೀದು. ಛಲೋ ಬ್ಯಾಟರಿ ಹಾಕಿದರ ಓಡಿ ಹೋಗೂದಿಲ್ಲ."

"ಹಾಕು. ಒಂದ ಅವಕಾಶ. ಒಂದs" ಎಂದ ಮಗ.

ಹೀಗೆ ಮರು ರವಿವಾರ ಅಜ್ಜಿ ಮೊಮ್ಮಗಳು ಇಬ್ಬರೇ ಎಸ್‌ಟಿ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋದೆವು. ಬ್ಯಾಟರಿ ಆರಿಸಲು ಹೋಗುವಾಗ ಮಂದಿ ಗಾಡಿ ಹಿಡಿದುಕೊಂಡು ಹೋಗುತ್ತಾರೆ. ನಾವು ಚಕ್ಕುಲಿ ಕಟ್ಟಿಕೊಂಡೆವು, ನೀರಿನ ಬಾಟಲಿ ಇಟ್ಟುಕೊಂಡೆವು, ಕೊಡೆ ಸಹ ಹಿಡಿದೆವು. ಗಾಡಿ ಮನೆಯಲ್ಲೇ ಉಳಿಯಿತು.

ಅಂಗಡಿ ಒಂದು ಗಲ್ಲಿಯ ಒಳಗಿತ್ತು. ಗೋಡೆಯ ತುಂಬ ಪುಟ್ಟ ವಿಮಾನ, ಪುಟ್ಟ ದೋಣಿ. ಅಂಗಡಿಯವರು ಕನ್ನಡಕ ಹಣೆಗೇರಿಸಿಕೊಂಡ ನನ್ನ ವಾರಿಗೆಯ ಮನುಷ್ಯ. "ಕಾಯ್ ಪಾಹಿಜೆ, ಆಜಿ?" ಎಂದು ಮರಾಠಿಯಲ್ಲಿ ಏನು ಬೇಕೆಂದು ಕೇಳಿದರು. ನಾವಿಬ್ಬರು ನಮ್ಮೊಳಗೆ ಮಾತಾಡಿಕೊಂಡದ್ದು ಕಿವಿಗೆ ಬಿದ್ದದ್ದೇ, "ಅಯ್ಯ, ನಮ್ಮ ಮಂದೀನ ಬಂದಾರಲ್ಲ! ಕುಂದರ್ರಿ ಅಕ್ಕಾರ" ಎಂದು ಸ್ಟೂಲು ಒರೆಸಿದರು.

ಮೂರು ತರಹದ ಬ್ಯಾಟರಿ ನಮ್ಮ ಮುಂದೆ ಇಟ್ಟರು. ಒಂದು, ನಮ್ಮಲ್ಲಿದ್ದಂಥದೇ ನಾಲ್ಕು ಸೆಲ್ಲಿನ ಗೂಡು. "ಇದನ್ನ ಮತ್ತ ಒಯ್ಯಬ್ಯಾಡ್ರಿ. ಗಾಡಿ ಕುಣಿತೈತಿ, ಸೆಲ್ಲು ಎದ್ದ ಬರ್ತಾವ." ಎರಡನೆಯದು ಐದು ಸೆಲ್ಲುಗಳನ್ನು ಒಂದಕ್ಕೊಂದು ಬೆಸೆದು, ಮೂರರ ಮೇಲೆ ಎರಡು ಕೂರಿಸಿ, ಹಸಿರು ತೊಗಟೆ ಹೊದಿಸಿದ ಗಂಟು. ಚಾರ್ಜು ಮಾಡುವಂಥದು. ಆರು ವೋಲ್ಟು. ಮೂರನೆಯದು ಬೆಳ್ಳಿ ಬಣ್ಣದ ಚಪ್ಪಟೆ ಬ್ಯಾಟರಿ, ಲಿಥಿಯಮ್ಮಿನದು. ಎತ್ತಿ ನೋಡಿದರೆ ಎಲೆಯಷ್ಟು ಹಗುರ. ಆದರೆ ಏಳೂವರೆ ವೋಲ್ಟಿನ ಹತ್ತಿರ, ಪೂರ್ತಿ ಚಾರ್ಜಾದರೆ ಎಂಟೂ ದಾಟುತ್ತದಂತೆ.

"ನಿಮ್ಮ ಸರ್ವೋದ ಮ್ಯಾಲೆ ಎಷ್ಟು ವೋಲ್ಟ್ ಅಂತ ಬರದೈತಿ, ತಂಗಿ?" ಎಂದು ಅವರು ಹುಡುಗಿಯನ್ನು ಕೇಳಿದರು.

ಹುಡುಗಿ ನನ್ನ ಮುಖ ನೋಡಿದಳು. ನಾನು ಚಕ್ಕುಲಿಯ ಚೀಲ ನೋಡಿದೆ.

"ಹಳೇ ಗಾಡಿ ಅಂದ್ರ ಆರರದ್ದ ಇರತೈತಿ. ಹಂಗಿದ್ದರ ಈ ಹಸರ ಗಂಟು ಒಯ್ಯಿರಿ. ಬೆಳ್ಳೀದು ಬೇಕಂದ್ರ ನಡಬರಕ ವೋಲ್ಟ್ ಇಳಸೂ ಒಂದು ಸಾಮಾನು ಹಾಕಬೇಕಾಗತೈತಿ" ಎಂದು ಅದನ್ನೂ ತೆಗೆಯಲು ಕಪಾಟಿಗೆ ಕೈ ಹಾಕಿದರು.

ಇಲ್ಲಿ ನಾನು ಬಾಯಿ ಹಾಕಿದೆ. ಯಾಕೆ ಹಾಕಿದೆ ಎಂಬುದನ್ನು ಹೇಳಬೇಕು. ಮಗ್ಗದ ಊರಲ್ಲಿ ಬಾಳಿದವರಿಗೆ ಕರೆಂಟಿನ ವಿಷಯದಲ್ಲಿ ಒಂದೇ ಹೆದರಿಕೆ, ವೋಲ್ಟು ಇಳಿಯುವುದು. ಶೆಡ್ಡಿನ ಬಲ್ಬು ಹಳದಿಯಾಯಿತು ಎಂದರೆ ಎಲ್ಲಿದ್ದವರು ಅಲ್ಲಿಂದ ಓಡಿ ಬಂದು ಮೋಟರು ಬಂದ್ ಮಾಡುತ್ತೇವೆ. ಇಲ್ಲದಿದ್ದರೆ ಮೋಟರು ಗುಂಯ್ ಎಂದು ನರಳಿ, ಕಾದು, ಸುಟ್ಟು ಹೋಗುತ್ತದೆ. ನಾನು ಮದುವೆಯಾಗಿ ಬಂದ ವರ್ಷವೇ ಹಾಗೆ ಒಂದು ಸುಟ್ಟಿತ್ತು. ಆ ವಾಸನೆ ಒಮ್ಮೆ ಮೂಗಿಗೆ ಹೋದರೆ ಸಾಯುವ ತನಕ ಹೋಗುವುದಿಲ್ಲ. ಅಂದಿನಿಂದ ಬಲ್ಬು ಕಾಯುವುದು ನನ್ನ ಕೆಲಸ. ಗಂಡನಿಗೆ ಬೈದಿದ್ದೇನೆ, ಮಗನಿಗೆ ಬೈದಿದ್ದೇನೆ, ಕೆಲಸದವರಿಗಂತೂ ಲೆಕ್ಕವಿಲ್ಲ. ಕಡಿಮೆಯಾದರೆ ಸುಡುತ್ತದೆ, ಇದು ನನ್ನ ವಿದ್ಯೆ. ಹಾಗಾದರೆ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ನಾನೇ ಮುಂದಿನ ಪಾಠ ಬರೆದುಕೊಂಡೆ. ಇಳಿಸುವ ಸಾಮಾನಂತೂ ವ್ಯಾಪಾರಿ ಇನ್ನೊಂದನ್ನು ತಲೆಗೆ ಕಟ್ಟುವ ಉಪಾಯವೆಂದು ಖಾತ್ರಿಯಾಯಿತು. ವೋಲ್ಟು ಇಳಿಸಲು ಯಾರಾದರೂ ದುಡ್ಡು ಕೊಟ್ಟು ಸಾಮಾನು ಕೊಳ್ಳುತ್ತಾರೆಯೇ? ನಮ್ಮ ಊರಲ್ಲಿ ಅದು ಪುಕ್ಕಟೆ ಇಳಿಯುತ್ತದೆ.

"ಬೆಳ್ಳೀದ ಕೊಡ್ರಿ. ಇಳಸೂದೇನೂ ಬ್ಯಾಡ."

"ಅಕ್ಕಾರ, ಮನೀಗೆ ಹೋಗಿ ನಂಬರ ನೋಡಿ—"

"ನಾ ಮೋಟರಿನ ಮನ್ಯಾಗ ಬಾಳೇಮಾಡಾಕಿ ಅದೀನ್ರಿ."

ಅವರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ನನ್ನನ್ನು ಒಂದು ಸಲ ನೋಡಿ, ಕಟ್ಟಿಕೊಟ್ಟರು. ಹುಡುಗಿ ದಾರಿಯುದ್ದಕ್ಕೂ ಬೆಳ್ಳಿ ಬ್ಯಾಟರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. "ನಮ್ಮ ಅಜ್ಜಿಗೆ ಎಲ್ಲಾ ಗೊತ್ತು" ಎಂದು ಕಂಡಕ್ಟರನಿಗೂ ಹೇಳಿದಳು.

ಮನೆಗೆ ಬಂದು ಜೋಡಿಸಿದೆವು. ಗಾಡಿಯನ್ನು ಇಟ್ಟಿಗೆಯ ಮೇಲೆ ಇಟ್ಟು, ಎಂಜಿನ್ನು ಹಚ್ಚದೆ, ಬರೀ ಚಕ್ರ ಹೊರಳಿಸಿ ನೋಡಿದಳು. ಅಬ್ಬಾ, ಏನು ಚುರುಕು! ಎಡಕ್ಕೆಂದರೆ ಟಕ್ಕನೆ ಎಡ, ಬಲಕ್ಕೆಂದರೆ ಟಕ್ಕನೆ ಬಲ. ಹುಡುಗಿ ನಗುತ್ತ ಹೊರಳಿಸಿದಳು, ನಾನು ನಗುತ್ತ ನೋಡಿದೆ. ಚಹಾ ಕುದಿಯುವಷ್ಟು ಹೊತ್ತಾಗಿತ್ತು, ನನ್ನ ಮೂಗಿಗೆ ಅದು ಬಡಿಯಿತು.

ಅದೇ ವಾಸನೆ. ಇಷ್ಟು ವರ್ಷದ ಹಿಂದಿನದೇ. ಪುಟ್ಟದು, ಆದರೆ ಅದೇ.

"ತಗೀ! ತಂತಿ ತಗೀ!" ಎಂದು ನಾನೇ ಕೈ ಹಾಕಿ ಎಳೆದೆ. ಚಕ್ರಗಳು ಎಡಕ್ಕೆ ಹೊರಳಿ ಅಲ್ಲೇ ನಿಂತವು, ಮತ್ತೆ ತಿರುಗಲಿಲ್ಲ. ಹುಡುಗಿ ಬಗ್ಗಿ ಸರ್ವೋದ ಮೈ ಮೇಲಿನ ಧೂಳು ಒರೆಸಿದಳು. ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು, ಆರು.

ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಳಲಿಲ್ಲ. "ನಾನ ಮೊದಲ ಓದಬೇಕಾಗಿತ್ತು, ಅಜ್ಜಿ. ನಿಂದೇನೂ ತಪ್ಪಿಲ್ಲ" ಎಂದಳು. ಕೊಲ್ಹಾಪುರದ ಅಂಗಡಿಯಲ್ಲಿ ಎಷ್ಟು ಎತ್ತರಕ್ಕೆ ಏರಿದ್ದೆನೋ ಅಷ್ಟೂ ಇಳಿದುಬಿಟ್ಟೆ. ಸೀದಾ ಶೆಡ್ಡಿಗೆ ಹೋದೆ. ಎಂಟು ಮಗ್ಗದ ಗದ್ದಲದಲ್ಲಿ ಮಗನ ಕಿವಿಗೆ ಬಾಯಿ ಹಚ್ಚಿ, "ನಾ ಮೋಟರ ಸುಟ್ಟೆ" ಎಂದು ಕೂಗಿದೆ.

ಅವನು ಗಾಬರಿಯಾಗಿ ಎಂಟೂ ಮಗ್ಗ ನೋಡಿದ. "ಯಾವ್ದು?"

"ಹುಡುಗೀ ಗಾಡೀದು. ಹೆಚ್ಚಿನ ವೋಲ್ಟ್ ಹಾಕಿ ಸುಟ್ಟೆ. ತಪ್ಪು ಹುಡುಗೀದಲ್ಲ, ನಂದು. ನೀ ಕೊಟ್ಟಿದ್ದ ಒಂದ ಅವಕಾಶ ನಾ ತಿಂದೆ."

 ಮಗ ನಕ್ಕ ನೋಡಿ, ಮಗ್ಗದ ಸದ್ದಿಗಿಂತ ಮೇಲೆ ಕೇಳುವಂತೆ ನಕ್ಕ. "ಯವ್ವಾ! ಹುಟ್ಟಿದಾಗಿಂದ ಬೈಸಿಕೊಂಡೇನಿ ನಾ ನಿನ್ನ ಕಡಿಂದ. ಕಡೀಕ ಮೋಟರ ಸುಟ್ಟಾಕಿ ನೀನs!" ಮೂರು ದಿನ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ. ಸೊಸೆಯಂತೂ ಒಲೆ ಹಚ್ಚುವಾಗಲೆಲ್ಲ, "ಅತ್ತಿ, ಉರಿ ಎಷ್ಟ ವೋಲ್ಟ್ ಇಡ್ಲಿ?" ಎಂದು ಕೇಳಿದಳು. ನಗಲಿ ಬಿಡಿ ಎಂದುಕೊಂಡೆ. ಆ ನಗುವಿನಲ್ಲಿ ಮಗ ಮಾಳಿಗೆಯ ಮಾತು ಒಂದಿಷ್ಟು ಸಡಿಲ ಮಾಡಿದ್ದ. "ಗಾಡಿ ಇಟ್ಟಂಗಿ ಮ್ಯಾಲಿತ್ತು, ಓಡಿ ಹೋಗಿಲ್ಲ. ಅವಕಾಶ ಇನ್ನೂ ಐತಿ. ಆದರ ಗಡಹಿಂಗ್ಲಜದಾಗ ಓಡಿ ಹೋತಂದ್ರ ಮುಗೀತು."

ಎರಡನೆಯ ಸಲ ಕೊಲ್ಹಾಪುರಕ್ಕೆ ಗಾಡಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಹೋದೆವು. ಅಂಗಡಿಯವರು ನಮ್ಮನ್ನು ಕಂಡದ್ದೇ ಏನೂ ಕೇಳದೆ ಹೊಸ ಸರ್ವೋದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ನನಗೆ ನಾಚಿಕೆಯಾದರೂ ಕೇಳದೆ ಇರಲಾಗಲಿಲ್ಲ. "ಹೆಚ್ಚಾದರ ಯಾಕ ಸುಡತೈತ್ರಿ? ನಮ್ಮಲ್ಲೆ ಕಡಿಮ್ಯಾದರ ಸುಡತಾವು."

ಅವರು ಆ್ಯಂಪು, ಲೋಡು ಎಂದು ಏನೇನೋ ಹೇಳಿದರು. ತಲೆಗೆ ಹತ್ತಲಿಲ್ಲ. ಹುಡುಗಿ ನನ್ನ ಸೆರಗು ಜಗ್ಗಿ, "ಅಜ್ಜಿ, ಕಾಂಡಿಗೆ ನೂಲು ಜಾಸ್ತಿ ಸುತ್ತಿದರ ಏನಾಗತೈತಿ?" ಎಂದಳು.

"ಲಾಳ್ಯಾಗ ಹಿಡಿಯೂದಿಲ್ಲ. ಉಜ್ಜಿ ಉಜ್ಜಿ ನೂಲು ಹರೀತೈತಿ."

"ಕಡಿಮಿ ಸುತ್ತಿದರ?"

"ನಡುವ ಖಾಲಿಯಾಗಿ ಅರಿವೀಗೆ ತೂತು ಬೀಳತೈತಿ."

"ಮತ್ತ? ಲಾಳಿ ನೋಡಿ ಕಾಂಡಿ ಸುತ್ತತೀಯಲ್ಲ, ಹಂಗ ಇದು."

ಅಂಗಡಿಯವರು ಹಣೆಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅವಳನ್ನೇ ನೋಡಿದರು. ನನಗಂತೂ ಅಲ್ಲೇ ಅವಳನ್ನು ಎತ್ತಿ ಕುಣಿಯಬೇಕೆನಿಸಿತು. ಹನ್ನೆರಡು ವರ್ಷದ ಹುಡುಗಿ, ನನ್ನ ಇಡೀ ಜನ್ಮದ ಕೆಲಸವನ್ನು ನನಗೇ ತಿರುಗಿಸಿ ಕೊಟ್ಟು ಕಲಿಸಿದಳು. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಂಥ ಒಬ್ಬ ಮಾಸ್ತರು ಸಿಕ್ಕಿದ್ದರೆ ಬಿಡುತ್ತಿದ್ದೆನೋ ಇಲ್ಲವೋ.

ಹಸಿರು ಗಂಟಿನಲ್ಲೂ ಎರಡು ತರಹ ಇದ್ದವು. ಎರಡೂ ಆರು ವೋಲ್ಟೇ. ಒಂದು ಹಗುರ, ಅರ್ಧ ತಾಸು ಬಾಳುವಂಥದು. ಇನ್ನೊಂದು ಭಾರ, ಅದರ ಎರಡರಷ್ಟು ಬಾಳುವಂಥದು. ನನ್ನ ಮನಸ್ಸು ಭಾರದ್ದರ ಮೇಲೆ ಹೋಯಿತು, ನಾಲಿಗೆಯ ತುದಿಗೂ ಬಂತು. ಹಲ್ಲು ಕಚ್ಚಿ ಗೋಡೆಯ ವಿಮಾನ ನೋಡುತ್ತ ನಿಂತೆ. ಹುಡುಗಿ ಎರಡನ್ನೂ ಒಂದೊಂದು ಅಂಗೈಯಲ್ಲಿಟ್ಟು ತೂಗಿದಳು. ಗಾಡಿಯ ಪೆಟ್ಟಿಗೆಯಲ್ಲಿ ಕೂರಿಸಿ ನೋಡಿದಳು. ಭಾರದ್ದು ಕೂತರೂ ಮುಚ್ಚಳ ಹತ್ತಲಿಲ್ಲ.

"ಪಂದ್ಯ ಹದಿನೈದ ಮಿನಿಟಿಂದು. ಹಗರದ್ದ ಸಾಕು" ಎಂದಳು. "ಅಜ್ಜಿ, ನೀ ಏನಂತಿ?"

"ನಾ ವಿಮಾನ ನೋಡಾಕತ್ತೇನಿ" ಎಂದೆ. ಅಂಗಡಿಯವರು ಇಷ್ಟಗಲ ನಕ್ಕರು.

ಒಂದು ವಿಷಯಕ್ಕೆ ಮಾತ್ರ ನಾನು ಕೈ ಹಾಕಿದೆ. ಬ್ಯಾಟರಿಯ ತಂತಿಯನ್ನು ರಿಸೀವರಿನ ತಂತಿಗೆ ಕೂಡಿಸುವ ಪ್ಲಗ್ಗು ಇದೆಯಲ್ಲ, ಅದನ್ನು ಬೆರಳಲ್ಲಿ ಹಿಡಿದು ಅಲುಗಿಸಿ ನೋಡಿದೆ. ಎಳೆದರೆ ಬರುತ್ತಿತ್ತು. ಮಗ್ಗದ ಮನೆಯವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ದಿನವಿಡೀ ನಡುಗುವ ಯಂತ್ರದಲ್ಲಿ ಬಿಗಿದದ್ದೆಲ್ಲ ಬಿಚ್ಚುತ್ತದೆ, ಕಟ್ಟಿದ್ದು ಮಾತ್ರ ಉಳಿಯುತ್ತದೆ. ಮನೆಗೆ ಬಂದು ಆರೆಳೆ ನೂಲು ಹೊಸೆದು, ಮೇಣ ತಿಕ್ಕಿ, ಪ್ಲಗ್ಗಿನ ಎರಡೂ ಭಾಗ ಸೇರಿಸಿ ಸುತ್ತಿ, ಹರಿದ ಎಳೆ ಕೂಡಿಸುವಾಗ ನಾವು ಹಾಕುವ ಗಂಟು ಹಾಕಿದೆ. ಸಾಸಿವೆ ಕಾಳಿನಷ್ಟು ಗಂಟು, ಜಗ್ಗಿದಷ್ಟೂ ಬಿಗಿಯುತ್ತದೆ. ಬ್ಯಾಟರಿಯ ಸುತ್ತ ಶೆಡ್ಡಿನ ಅರಳೆ ತುಂಬಿದೆ. ಹುಡುಗಿ ಗಾಡಿಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು. ಒಳಗೆ ಏನೂ ಸದ್ದಾಗಲಿಲ್ಲ.

ಗಡಹಿಂಗ್ಲಜ ನನ್ನ ತವರಿನ ಕಡೆ. ಪಂದ್ಯ ಫುಟ್‌ಬಾಲ್ ಮೈದಾನದ ಪಕ್ಕದ ಬಯಲಲ್ಲಿ. ಮಣ್ಣು ಗುಡ್ಡೆ ಹಾಕಿ ಏರು, ಇಳಿವು, ತಿರುವು ಮಾಡಿದ್ದರು. ಎಂಟು ಗಾಡಿಗಳಿದ್ದವು. ನಮ್ಮವಳನ್ನು ಬಿಟ್ಟರೆ ಉಳಿದವರೆಲ್ಲ ಮೀಸೆ ಬಂದವರು. ಅವರೊಳಗೊಬ್ಬ ಎತ್ತರದ ಎಂಜಿನಿಯರ್ ನಮ್ಮ ಗಾಡಿಯ ಮುಚ್ಚಳ ತೆಗೆದಿದ್ದಾಗ ಬಗ್ಗಿ ನೋಡಿ, "ಹೇ ಕಾಯ್, ಕಾಪೂಸ್? ಗಾದೀ ಕೇಲೀ ಕಾಯ್?" ಎಂದ. ಇದೇನು ಅರಳೆ, ಹಾಸಿಗೆ ಮಾಡಿದ್ದೀರೇನು ಎಂದು ಅವನು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ಹುಡುಗಿ ತಲೆ ಎತ್ತದೆ ಮುಚ್ಚಳ ಹಾಕಿದಳು.

ನಡುವೆ ಒಮ್ಮೆ ಎಣ್ಣೆ ತುಂಬಲು ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಬೇಕು. ಆ ಬಾಟಲಿ ಹಿಡಿದು ಕುಕ್ಕರಗಾಲಲ್ಲಿ ಕೂತವನು ಯಾರು ಅಂತೀರಿ? ಮಾಳಿಗೆಯ ಮಾತಾಡಿದ ನನ್ನ ಮಗ.

ಗಾಡಿಗಳು ಹೊರಟವು. ಅದೇನು ಕಿರುಚಾಟ, ಅದೇನು ಧೂಳು! ಪ್ರತಿ ಏರಿನಲ್ಲಿ ನಮ್ಮ ಕೆಂಪು ಗಾಡಿ ಹಾರಿ ಬಿದ್ದಾಗಲೂ, ಈಗ ಕಿವುಡಾಗುತ್ತದೆ, ಈಗ ನೆಟ್ಟಗೆ ಹೋಗುತ್ತದೆ ಎಂದು ಕಣ್ಣು ಮುಚ್ಚುತ್ತಿದ್ದೆ. ತೆರೆದರೆ ಅದು ಹುಡುಗಿ ಹೇಳಿದ ಕಡೆ ತಿರುಗಿರುತ್ತಿತ್ತು. ಐದನೆಯ ಸುತ್ತೋ ಆರನೆಯದೋ, ಒಂದು ನೀಲಿ ಗಾಡಿ ದೊಡ್ಡ ಏರು ಹಾರಿ ಬಿತ್ತು ನೋಡಿ, ಅಲ್ಲಿಂದ ಅದಕ್ಕೆ ಯಾರ ಮಾತೂ ಬೇಡವಾಯಿತು. ಹಗ್ಗದ ಕೆಳಗೆ ನುಸುಳಿ, ಕಬ್ಬಿನ ಹಾಲಿನ ಗಾಡಿಯ ಕೆಳಗೆ ಹೊಕ್ಕು, ಸಿಪ್ಪೆಯ ರಾಶಿಯಲ್ಲಿ ಮೂಗು ತೂರಿಸಿ ಅಲ್ಲೇ ಗುರುಗುಟ್ಟುತ್ತ ನಿಂತಿತು. ಅದರ ಹಿಂದೆ ಓಡಿದವನು ಅದೇ ಎತ್ತರದ ಎಂಜಿನಿಯರ್.

ಹದಿನೈದು ಮಿನಿಟು ಮುಗಿಯುವ ಹೊತ್ತಿಗೆ ಓಡುತ್ತಿದ್ದ ಗಾಡಿ ಐದು. ನಮ್ಮದು ನಾಲ್ಕನೆಯದು. ಬಹುಮಾನ ಮೂರಕ್ಕೇ ಇತ್ತು, ಇರಲಿ. ಹುಡುಗಿ ಗೆರೆ ದಾಟಿದ ಗಾಡಿಯನ್ನು ನಿಲ್ಲಿಸಲಿಲ್ಲ. ನಿಧಾನ ಮಾಡಿ, ಮಂದಿಯ ಕಾಲುಗಳ ನಡುವೆ ಹಾಯಿಸಿ, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ನಾನು ನಿಂತಲ್ಲಿಗೆ ತಂದಳು. ನನ್ನ ಚಪ್ಪಲಿಗೆ ಒಂದು ಬೆರಳು ದೂರ ಇರುವಾಗ ಗಾಡಿ ನಿಂತಿತು. ಕಾಲಿಗೆ ಬೀಳಲು ಬಂದ ಹಾಗೆ ನಿಂತಿತು. ನನಗೆ ನಗು ಬಂತೋ ಅಳು ಬಂತೋ, ಸೆರಗಿಗೇ ಗೊತ್ತು.

ಮಗ ಎಣ್ಣೆ ಮೆತ್ತಿದ ಕೈಯಲ್ಲೇ ಓಡಿ ಬಂದ. "ನೋಡಿದೇನ ಯವ್ವಾ? ಹೆಂಗ ತಿರಿಗಿಸಿದಳು ನೋಡಿದಿ?"

"ನೋಡೇನಿ. ಮಾಳಗಿ ಕಥಿ ಏನಾತಪಾ?"

"ಮಾಳಗ್ಯಾಗ ಜಾಗಾನ ಇಲ್ಲ ಬಿಡು" ಎಂದ. ಬಗ್ಗಿ ಮುಚ್ಚಳ ತೆಗೆದು ಒಳಗೆ ನೋಡಿದ. ಹಸಿರು ಗಂಟು ಅರಳೆಯಲ್ಲಿ ಮಲಗಿದಲ್ಲೇ ಮಲಗಿತ್ತು. ನೂಲಿನ ಗಂಟು ಹಾಕಿದ ಹಾಗೇ ಇತ್ತು.

ಅಷ್ಟರಲ್ಲಿ ನನ್ನ ಹಿಂದೆ ಯಾರೋ ಕೆಮ್ಮಿದರು. ಎತ್ತರದ ಎಂಜಿನಿಯರ್, ಕಂಕುಳಲ್ಲಿ ನೀಲಿ ಗಾಡಿ, ಅದರ ಮೈತುಂಬ ಕಬ್ಬಿನ ಸಿಪ್ಪೆ. ಬ್ಯಾಟರಿಯ ಪ್ಲಗ್ಗು ಬಿಚ್ಚಿ ಜೋತು ಬಿದ್ದಿತ್ತು. ಮಧ್ಯಾಹ್ನ ಇನ್ನೊಂದು ಸುತ್ತಿನ ಪಂದ್ಯವಿತ್ತು.

"ಆಜೀ, ಮಾಝಂ ಬೀ ಬಾಂಧಾ ಕೀ" ಎಂದ. ನನ್ನದನ್ನೂ ಕಟ್ಟಿಕೊಡಿ ಎಂದು ಅಷ್ಟೆತ್ತರದವನು ಬಗ್ಗಿ ಕೇಳುವಾಗ ಬೇಡ ಎನ್ನಲು ಆಗುತ್ತದೆಯೇ? ನನ್ನ ಸಂಚಿಯಲ್ಲಿ ನೂಲು ಇದ್ದೇ ಇರುತ್ತದೆ. ಬೇವಿನ ನೆರಳಿಗೆ ಕೂತೆ. ಅವನದು ಕಟ್ಟಿ ಮುಗಿಸುವುದರೊಳಗೆ ಇನ್ನಿಬ್ಬರು ಗಾಡಿ ಹಿಡಿದು ಬಂದು ನಿಂತರು.

ಹುಡುಗಿ ಅವರ ಮುಂದೆ ಅಡ್ಡ ನಿಂತು, ಸೊಂಟಕ್ಕೆ ಕೈಯಿಟ್ಟು, ಒಬ್ಬೊಬ್ಬರನ್ನೇ ಕೇಳತೊಡಗಿದಳು.

"ಪಯಲೆ ಸಾಂಗಾ, ಸರ್ವೋವರ ಕಿತೀ ಲಿಹಿಲಂಯ?"

ಮೊದಲು ಹೇಳಿ, ಸರ್ವೋದ ಮೇಲೆ ಎಷ್ಟು ಬರೆದಿದೆ? ಮೀಸೆಯವರೆಲ್ಲ ತಂತಮ್ಮ ಗಾಡಿಯೊಳಗೆ ಬಗ್ಗಿ ಹುಡುಕತೊಡಗಿದರು.